ಹೇಮಕೂಟದ ಮೇಲೆ ಒಂದು ಗಂಟೆ: ಪ್ರಯಾಣದಲ್ಲಿ ಚಿತ್ರ ಬರೆಯುವವರಿಗೆ ಮಾರ್ಗದರ್ಶಿ

ಹಂಪಿಯ ಹೇಮಕೂಟ ಗುಡ್ಡದ ಮೇಲೆ ಬೆಳಿಗ್ಗೆ ಆರೂವರೆಗೆ ಸ್ಕೆಚ್‌ಬುಕ್ ಬಿಚ್ಚಿ ಕುಳಿತವರು ಒಂಬತ್ತರ ಹೊತ್ತಿಗೆ ಏಳಲೇಬೇಕಾಗುತ್ತದೆ. ಅಷ್ಟರಲ್ಲಿ ಬಂಡೆ ಕಾಯತೊಡಗುತ್ತದೆ, ಹಾಳೆಯ ಬಿಳುಪು ಕಣ್ಣು ಚುಚ್ಚುತ್ತದೆ, ಹಚ್ಚಿದ ಬಣ್ಣ ಹರಡುವ ಮೊದಲೇ ಒಣಗಿ ಅಂಚು ಕಟ್ಟುತ್ತದೆ. ಆ ಎರಡೂವರೆ ಗಂಟೆಯಲ್ಲಿ ಜಾಗ ಹುಡುಕುವುದು, ನೀರು ತುಂಬಿಸಿಕೊಳ್ಳುವುದು, ಬಂದವರ ಪ್ರಶ್ನೆಗಳಿಗೆ ಉತ್ತರಿಸುವುದು ಎಲ್ಲ ಕಳೆದರೆ ಚಿತ್ರಕ್ಕೆ ಉಳಿಯುವುದು ಸುಮಾರು ಒಂದು ಗಂಟೆ. ಆ ಒಂದು ಗಂಟೆಯನ್ನು ಹೇಗೆ ಬಳಸುವುದು ಎಂಬುದೇ ಈ ಲೇಖನದ ವಿಷಯ.

ಚಿತ್ರ ಬರೆಯಲೆಂದೇ ನಾನು ಹಂಪಿಗೆ ಹಲವು ಸಲ ಹೋಗಿದ್ದೇನೆ. ಮೊದಲ ಸಲ ಎರಡು ದಿನದಲ್ಲಿ ಹದಿನಾಲ್ಕು ಜಾಗ ಸುತ್ತಿದೆ. ಅರ್ಧಕ್ಕೇ ನಿಂತ ಹದಿನಾಲ್ಕು ಪುಟಗಳೊಂದಿಗೆ ಮರಳಿದೆ. ಎರಡನೆಯ ಸಲ ಅಷ್ಟೇ ದಿನದಲ್ಲಿ ನಾಲ್ಕೇ ಕಡೆ ಕುಳಿತೆ. ಆ ನಾಲ್ಕು ಪುಟಗಳನ್ನು ಈಗ ತೆರೆದರೂ ಯಾವ ಮಂಟಪದ ಕಟ್ಟೆಯ ಮೇಲೆ ಕುಳಿತಿದ್ದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಕೆಳಗೆ ದೇವಸ್ಥಾನದ ಗಂಟೆ ಯಾವಾಗ ಬಾರಿಸಿತು ಎಂಬುದೆಲ್ಲ ನೆನಪಾಗುತ್ತದೆ. ಜಾಗ ಕಡಿಮೆ ಮಾಡಿ, ಕುಳಿತ ಹೊತ್ತು ಹೆಚ್ಚಿಸಿ. ಪೆನ್ಸಿಲ್ ಹಿಡಿದು ತಕ್ಕಮಟ್ಟಿಗೆ ರೂಢಿಯಿದ್ದು, ಮನೆಯ ಮೇಜು ಬಿಟ್ಟು ಹೊರಗೆ ಬರೆಯಲು ಹಿಂಜರಿಯುವವರಿಗೆ ನಾನು ಹೇಳುವ ಮೊದಲ ಮಾತು ಇದು.

ಚೀಲ ಕಟ್ಟುವುದು

ಎಲ್ಲ ಸಾಮಾನು ಸೇರಿ ಒಂದು ಕಿಲೋ ದಾಟಬಾರದು. ಹೆಗಲ ಚೀಲದಲ್ಲಿ ಸದಾ ಕೈಗೆ ಸಿಗುವಂತಿರಬೇಕು. ಲಾಡ್ಜಿನ ಕೋಣೆಯಲ್ಲಿ ಉಳಿದುಹೋಗುವ ದೊಡ್ಡ ಪೆಟ್ಟಿಗೆಯಿಂದ ಪ್ರಯೋಜನವಿಲ್ಲ.

ಸ್ಕೆಚ್‌ಬುಕ್ ಎ5 ಅಳತೆಯದು, ಅಂದರೆ ಎ4 ಹಾಳೆಯ ಅರ್ಧದಷ್ಟಿರುವುದು ಸಾಕು. ಜಲವರ್ಣ ಹಚ್ಚುವುದಾದರೆ ಹಾಳೆಯ ದಪ್ಪ ಕನಿಷ್ಠ 200 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂಗಳಲ್ಲಿ) ಇರಲಿ, 300 ಇದ್ದರೆ ಇನ್ನೂ ಒಳ್ಳೆಯದು. ಅದಕ್ಕಿಂತ ತೆಳುವಾದ ಹಾಳೆ ಒದ್ದೆಯಾದಾಗ ಉಬ್ಬಿ, ಬಣ್ಣ ತಗ್ಗಿನಲ್ಲಿ ನಿಲ್ಲುತ್ತದೆ. ಹತ್ತಿಯ ಹಾಳೆ ದುಬಾರಿ, ಆದರೆ ಒದ್ದೆಯನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಬಯಲುಸೀಮೆಯ ಬಿಸಿಲಿನಲ್ಲಿ ಆ ಎರಡು ನಿಮಿಷಕ್ಕೆ ಬೆಲೆ ಕಟ್ಟಲಾಗದು. ಹೊಸ ಪುಸ್ತಕವನ್ನು ನೇರವಾಗಿ ಪ್ರಯಾಣಕ್ಕೆ ಒಯ್ಯಬೇಡಿ. ಒಮ್ಮೆ ನಾನು ಹೊರಡುವ ಹಿಂದಿನ ದಿನ ಕೊಂಡ ಪುಸ್ತಕದ ಮೇಲೆ ಜಲವರ್ಣಕ್ಕೆ ಎಂದು ಬರೆದಿತ್ತು. ಹಾಳೆ ದಪ್ಪವಾಗಿಯೂ ಇತ್ತು. ಆದರೆ ನೀರು ಕೂಡಲೇ ಇಂಗದಂತೆ ಹಾಳೆಗೆ ಕೊಡುವ ಅಂಟಿನ ಲೇಪ ಸರಿಯಿರಲಿಲ್ಲವಾದ್ದರಿಂದ ಬಣ್ಣವೆಲ್ಲ ಮಸಿ ಹೀರುವ ಕಾಗದದ ಮೇಲೆ ಬಿದ್ದ ಶಾಯಿಯಂತೆ ಇಂಗಿಹೋಯಿತು. ಮೂರು ದಿನ ಬರಿಯ ಪೆನ್ನಿನಲ್ಲೇ ಕಳೆದೆ. ಕೊಂಡ ದಿನವೇ ಕೊನೆಯ ಪುಟದಲ್ಲಿ ಒಂದು ಪಟ್ಟಿ ಬಣ್ಣ ಹಚ್ಚಿ ನೋಡಿದ್ದರೆ ಗೊತ್ತಾಗುತ್ತಿತ್ತು.

ಪೆನ್ನಿನ ಶಾಯಿ ನೀರಿಗೆ ಕರಗಬಾರದು. ಸಾಮಾನ್ಯ ಫೌಂಟನ್ ಪೆನ್ನಿನ ಹೆಚ್ಚಿನ ಶಾಯಿಗಳು ಕರಗುತ್ತವೆ. ಮೈಕ್ರಾನ್, ಯೂನಿ ಪಿನ್‌ನಂಥ ಪಿಗ್ಮೆಂಟ್ ಶಾಯಿಯ ಪೆನ್ನುಗಳು ಕರಗುವುದಿಲ್ಲ. ಮೊನೆ 0.3 ಇರುವುದು ಒಂದು, 0.5 ಇರುವುದು ಒಂದು ಇಟ್ಟುಕೊಳ್ಳಿ. ಒಂದು ಗೆರೆ ಎಳೆದು, ಒಂದು ನಿಮಿಷ ಬಿಟ್ಟು, ಒದ್ದೆ ಕುಂಚ ಹಾಯಿಸಿದರೆ ಪರೀಕ್ಷೆ ಮುಗಿಯುತ್ತದೆ. ಪೆನ್ಸಿಲ್ 2ಬಿ ಒಂದೇ ಸಾಕು. ಕುಂಚಗಳಲ್ಲಿ ಮೊನೆ ಚೂಪಾಗಿ ನಿಲ್ಲುವ ದುಂಡನೆಯ 8ನೆಯ ನಂಬರಿನದು ಒಂದು, 12ರದ್ದು ಒಂದು. ಹಿಡಿಕೆಯಲ್ಲೇ ನೀರು ತುಂಬಿಕೊಳ್ಳುವ ವಾಟರ್ ಬ್ರಷ್ ರೈಲಿಗೆ ಬಹಳ ಅನುಕೂಲ.

ಬಣ್ಣಗಳು ಆರು ಇರಲಿ: ಲೆಮನ್ ಯೆಲ್ಲೊ, ಯೆಲ್ಲೊ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಗಂದು), ಕ್ರಿಮ್ಸನ್ (ಕಡುಗೆಂಪು), ಅಲ್ಟ್ರಾಮರೀನ್ ಬ್ಲೂ, ಪ್ರಶ್ಯನ್ ಬ್ಲೂ. ಕಪ್ಪು ಬೇಡ. ಬಿಳುಪು ಹಾಳೆಯಲ್ಲೇ ಇದೆ. ಟ್ಯೂಬಿನ ಬಣ್ಣವಾದರೆ ಹೊರಡುವ ಎರಡು ಮೂರು ದಿನ ಮೊದಲೇ ಖಾಲಿ ಡಬ್ಬಿಯ ಗುಳಿಗಳಿಗೆ ಹಿಂಡಿ ಒಣಗಲು ಬಿಡಿ. ಅಗ್ಗದ ಬಣ್ಣ ಒಣಗಿದಾಗ ಬಿರಿದು ಉದುರುವುದುಂಟು. ಹಿಂಡುವಾಗಲೇ ಒಂದು ಹನಿ ಗ್ಲಿಸರಿನ್ ಬೆರೆಸಿದರೆ ಉದುರುವುದು ಕಡಿಮೆಯಾಗುತ್ತದೆ.

ಇನ್ನು ನೀರಿಗೆ ಎರಡು ಸಣ್ಣ ಬಾಟಲಿ, ಒಂದು ಸ್ಟೀಲ್ ಬಟ್ಟಲು, ಹಳೆಯ ಪಂಚೆಯ ತುಂಡು, ಗಾಳಿಗೆ ಹಾಳೆ ಹಾರದಂತೆ ಎರಡು ಕ್ಲಿಪ್, ಕೂರಲು ಮಡಚುವ ಚಾಪೆ, ಅಗಲ ಅಂಚಿನ ಟೋಪಿ. ಕೊಡೆ ಒಯ್ಯುವುದಾದರೆ ಕಪ್ಪು ಬಣ್ಣದ್ದೇ ಇರಲಿ. ಕೆಂಪು ಅಥವಾ ನೀಲಿ ಕೊಡೆಯ ಕೆಳಗೆ ಕುಳಿತರೆ ಅದರ ಬಣ್ಣ ಹಾಳೆಯ ಮೇಲೂ ಬಿದ್ದು, ನೀವು ಕಲಸಿದ ಪ್ರತಿ ಬಣ್ಣವೂ ಬೇರೆಯಾಗಿ ಕಾಣುತ್ತದೆ. ಬಣ್ಣ ಹಚ್ಚುವಾಗ ತಂಪು ಕನ್ನಡಕವನ್ನೂ ತೆಗೆದಿಡಿ.

ತೈಲವರ್ಣವನ್ನು ಪ್ರಯಾಣಕ್ಕೆ ಒಯ್ಯಬೇಡಿ. ಟರ್ಪೆಂಟೈನ್ ಬೇಗ ಬೆಂಕಿ ಹತ್ತುವ ದ್ರವವಾದ್ದರಿಂದ ವಿಮಾನದಲ್ಲೂ ರೈಲಿನಲ್ಲೂ ಒಯ್ಯುವಂತಿಲ್ಲ. ಪೆನ್ಸಿಲ್ ಚೂಪು ಮಾಡುವ ಚಾಕು ಇದ್ದರೆ ವಿಮಾನದಲ್ಲಿ ಅದು ಕೈಚೀಲದಲ್ಲಿರಕೂಡದು.

ಜಾಗ ಹಿಡಿಯುವುದು

ತಲುಪಿದ ಕೂಡಲೇ ಪುಸ್ತಕ ತೆರೆಯಬೇಡಿ. ಹತ್ತು ನಿಮಿಷ ಬರಿಗೈಯಲ್ಲಿ ಒಂದು ಸುತ್ತು ಹಾಕಿ. ಮೊದಲು ಕಂಡ ನೋಟವೇ ಒಳ್ಳೆಯದೆಂದು ಅನ್ನಿಸುವುದು ಸಹಜ, ಆದರೆ ಇಪ್ಪತ್ತು ಹೆಜ್ಜೆ ಆಚೆ ಅದಕ್ಕಿಂತ ಒಳ್ಳೆಯದು ಇರುತ್ತದೆ. ಅದು ಕಾಣುವುದು ಮೊದಲಿನದನ್ನು ಅರ್ಧ ಬರೆದ ಮೇಲೆ.

ಹೇಮಕೂಟದಿಂದ ಉತ್ತರಕ್ಕೆ ನೋಡಿದರೆ ಕೆಳಗೆ ವಿರೂಪಾಕ್ಷ ದೇವಸ್ಥಾನ, ಅದರ ಪೂರ್ವದ ಮಹಾಗೋಪುರ, ಆಚೆಗೆ ತುಂಗಭದ್ರೆಯ ಕಡೆಯ ಹಸಿರು ಮತ್ತು ಬಂಡೆಗಳ ಸಾಲು. ಬೆಳಗಿನ ಬಿಸಿಲು ನಿಮ್ಮ ಬಲಗಡೆಯಿಂದ ಬರುತ್ತದೆ. ಗೋಪುರದ ಪೂರ್ವಮುಖ ಹೊಳೆಯುತ್ತದೆ, ನಿಮ್ಮ ಕಡೆಗಿರುವ ಮುಖ ಅರೆನೆರಳಿನಲ್ಲಿ ಇರುತ್ತದೆ. ಗುಡ್ಡದ ಮೇಲೆ ಮೆಟ್ಟಿಲುಮೆಟ್ಟಿಲಾದ ಶಿಖರಗಳ ಸಣ್ಣ ಗುಡಿಗಳಿವೆ. ಅವುಗಳಲ್ಲೊಂದರ ಕಂಬದ ಜಗುಲಿಯಲ್ಲಿ ಕುಳಿತರೆ ನೀವೂ ನಿಮ್ಮ ಹಾಳೆಯೂ ನೆರಳಿನಲ್ಲಿ, ನೋಡುವ ವಸ್ತು ಬಿಸಿಲಿನಲ್ಲಿ. ಹೊರಗೆ ಬರೆಯುವವರಿಗೆ ಬೇಕಾದ ವ್ಯವಸ್ಥೆ ಇದೇ.

ನೆರಳು ಒಂದು ಗಂಟೆಯ ನಂತರವೂ ಇರುತ್ತದೆಯೇ ಎಂದು ಮೊದಲೇ ತಿಳಿಯಬಹುದು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಅಂದರೆ ಒಂದು ಗಂಟೆಗೆ ಒಂದೂವರೆ ಮುಷ್ಟಿ. ಸೂರ್ಯನನ್ನು ನೇರವಾಗಿ ನೋಡದೆ, ಪಕ್ಕದ ಆಕಾಶದಲ್ಲಿ ಅಷ್ಟು ದೂರ ಅಳೆದು, ಆಗ ಬಿಸಿಲು ಎಲ್ಲಿ ಬೀಳುತ್ತದೆಂದು ಅಂದಾಜಿಸಿ ಕುಳಿತುಕೊಳ್ಳಿ.

ಬೆನ್ನ ಹಿಂದೆ ಗೋಡೆಯೋ ಕಂಬವೋ ಇರಲಿ. ಹಿಂದೆ ಜನ ನಿಂತರೆ ಹೊಸಬರ ಕೈ ಬಿಗಿಯಾಗುತ್ತದೆ. ಜನ ಓಡಾಡುವ ದಾರಿ ಬಿಡಿ. ಪೂಜೆ ನಡೆಯುವ ಗುಡಿಯ ಆವರಣವಾದರೆ ಅಲ್ಲಿನವರನ್ನು ಕೇಳಿಯೇ ಕುಳಿತುಕೊಳ್ಳಿ. ಫೋಟೊ ನಿಷೇಧವಿರುವ ಕಡೆ ಚಿತ್ರ ಬರೆಯುವುದನ್ನೂ ಕೇಳದೆ ಶುರುಮಾಡಬೇಡಿ. ಸಂರಕ್ಷಿತ ಸ್ಮಾರಕಗಳಲ್ಲಿ ಸ್ಟ್ಯಾಂಡು, ಸ್ಟೂಲು ಹರಡಿಕೊಳ್ಳುವ ಮೊದಲು ಕಾವಲಿನವರೊಂದಿಗೆ ಮಾತನಾಡಿ. ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಬರೆಯುವವರನ್ನು ನನ್ನ ಅನುಭವದಲ್ಲಿ ಯಾರೂ ತಡೆದಿಲ್ಲ.

ಏನನ್ನು ಬಿಡಬೇಕು

ಹೆಚ್ಚಿನ ಚಿತ್ರಗಳು ಕೆಡುವುದು ಇಲ್ಲಿ, ಅದೂ ಪೆನ್ಸಿಲ್ ಹಾಳೆ ಮುಟ್ಟುವ ಮೊದಲೇ. ಎದುರಿಗೆ ಗೋಪುರ, ಗುಡಿಗಳ ಸಾಲು, ಬಂಡೆ, ಮರ, ಗುಡ್ಡ, ಆಕಾಶ ಎಲ್ಲ ಇವೆ. ಕಣ್ಣು ಎಲ್ಲವನ್ನೂ ಬಯಸುತ್ತದೆ. ಎ5 ಹಾಳೆ ಒಂದನ್ನು ಮಾತ್ರ ತಾಳುತ್ತದೆ.

ಒಂದು ಹಳೆಯ ಆಮಂತ್ರಣ ಪತ್ರಿಕೆಯ ರಟ್ಟಿನಲ್ಲಿ ನಿಮ್ಮ ಹಾಳೆಯದೇ ಆಕಾರದ ಸಣ್ಣ ಕಿಟಕಿ ಕತ್ತರಿಸಿಕೊಳ್ಳಿ. ಒಂದು ಕಣ್ಣು ಮುಚ್ಚಿ ಅದರೊಳಗಿನಿಂದ ನೋಡಿ. ಹತ್ತಿರ ಹಿಡಿದರೆ ನೋಟ ಹಿಗ್ಗುತ್ತದೆ, ದೂರ ಹಿಡಿದರೆ ಕುಗ್ಗುತ್ತದೆ. ಈಗ ಪುಸ್ತಕದ ಮೊದಲ ಪುಟದಲ್ಲಿ ಬೆಂಕಿಪೊಟ್ಟಣದಷ್ಟೇ ದೊಡ್ಡ ಮೂರು ಚೌಕಗಳನ್ನು ಎಳೆದು, ಒಂದೊಂದರಲ್ಲೂ ಎರಡು ನಿಮಿಷದಲ್ಲಿ ಒಂದೊಂದು ಬೇರೆ ನೋಟ ಗುರುತಿಸಿ. ಗೆರೆಗಳಿಗಿಂತ ಮೂರು ಬಗೆಯ ಛಾಯೆ ಸಾಕು: ಹಾಳೆಯ ಬಿಳುಪು, ನಡುವಿನ ಬೂದು, ಗಾಢ. ಕಣ್ಣು ಅರೆಮುಚ್ಚಿ ನೋಡಿದರೆ ವಿವರಗಳು ಕರಗಿ ಈ ಮೂರೇ ಉಳಿಯುತ್ತವೆ.

ಒಂದು ದಿನ ಹೇಮಕೂಟದಲ್ಲಿ ಹೀಗೆ ಕುಳಿತಾಗ ನನ್ನ ಮೊದಲ ಚೌಕದಲ್ಲಿ ಇಡೀ ದೇವಸ್ಥಾನವಿತ್ತು. ಎರಡನೆಯದರಲ್ಲಿ ಗೋಪುರ ಮಾತ್ರ, ಹಾಳೆಯ ನಟ್ಟನಡುವೆ. ಮೂರನೆಯದರಲ್ಲಿ ಎಡಕ್ಕೆ ತೀರಾ ಹತ್ತಿರದ ಒಂದು ಬಂಡೆ, ಅರ್ಧ ಚೌಕವನ್ನು ಅದೇ ನುಂಗಿತ್ತು. ಬಲಕ್ಕೆ, ದೂರದಲ್ಲಿ ತೆಳ್ಳಗೆ ಗೋಪುರ. ನಾನು ಆರಿಸಿಕೊಂಡದ್ದು ಮೂರನೆಯದನ್ನು. ಹತ್ತಿರದ ಭಾರ ಪಕ್ಕದಲ್ಲಿದ್ದಾಗ ಮಾತ್ರ ಗೋಪುರದ ಎತ್ತರ ಎತ್ತರವಾಗಿ ತೋರುತ್ತದೆ. ಬಂಡೆಗಳ ನಡುವೆ ಗೋಪುರ ಎದ್ದದ್ದೇ ಹಂಪಿಯ ವಿಶೇಷ. ಬಂಡೆ ಬಿಟ್ಟರೆ ಆ ಗೋಪುರ ಯಾವ ಊರಿನದಾದರೂ ಆಗಬಹುದು.

ಚಿತ್ರಕಾರರು ವಿರೂಪಾಕ್ಷ ದೇವಸ್ಥಾನದೊಳಗೆ ನೋಡಲೇಬೇಕಾದ ಒಂದು ಸಂಗತಿ ಇದೆ. ಗರ್ಭಗುಡಿಯ ಹಿಂಭಾಗದ ಕತ್ತಲೆ ಕೋಣೆಯಲ್ಲಿ ಸಣ್ಣ ಕಿಂಡಿಯೊಂದರಿಂದ ಬೆಳಕು ತೂರಿ, ಮಹಾಗೋಪುರದ ಬಿಂಬ ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. 1792-93ರಲ್ಲಿ ದಕ್ಷಿಣ ಭಾರತ ಸುತ್ತಿ ಕೋಟೆ, ಗುಡಿಗಳ ಚಿತ್ರ ಬರೆದ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಬಳಸುತ್ತಿದ್ದ ಕ್ಯಾಮೆರಾ ಅಬ್‌ಸ್ಕ್ಯೂರಾ ಎಂಬ ಪೆಟ್ಟಿಗೆಯೂ ಇದೇ ತತ್ತ್ವದ್ದು. ಗೋಡೆಯ ಮೇಲಿನ ಆ ಬಿಂಬದಲ್ಲಿ ಶಿಲ್ಪಗಳಿಲ್ಲ, ಅಂತಸ್ತುಗಳ ಅಲಂಕಾರವಿಲ್ಲ. ಒಂದು ಆಕಾರ, ಅದರ ಬೆಳಕು, ಅದರ ನೆರಳು. ಮೊದಲು ಅದನ್ನು ನೋಡಿ ಬಂದು ಆಮೇಲೆ ಗುಡ್ಡ ಹತ್ತಿದರೆ ಏನು ಬರೆಯಬೇಕೆಂಬ ಅರ್ಧ ಪ್ರಶ್ನೆ ಪರಿಹಾರವಾಗಿರುತ್ತದೆ.

ಗೆರೆ: ಇಪ್ಪತ್ತೈದು ನಿಮಿಷ

ಮೊದಲು ಕಣ್ಣಿನ ಮಟ್ಟದ ಗೆರೆ. ಪುಸ್ತಕವನ್ನು ಅಡ್ಡಲಾಗಿ ಕಣ್ಣಿನ ನೇರಕ್ಕೆ ಎತ್ತಿ ಹಿಡಿದರೆ ಅದರ ಅಂಚು ಎದುರಿನ ನೋಟವನ್ನು ಎಲ್ಲಿ ಕತ್ತರಿಸುತ್ತದೋ ಅದೇ ಆ ಮಟ್ಟ. ಹಾಳೆಯಲ್ಲಿ ಅದನ್ನು ತೆಳುವಾಗಿ ಎಳೆಯಿರಿ. ನೆಲದಲ್ಲಿ ನಿಂತಾಗ ಈ ಗೆರೆ ಗೋಪುರದ ಬುಡದಲ್ಲೇ ಇರುತ್ತದೆ. ಗುಡ್ಡದ ಮೇಲೆ ಕುಳಿತಾಗ ಗೋಪುರವನ್ನು ಮಧ್ಯದಲ್ಲೆಲ್ಲೋ ಕತ್ತರಿಸುತ್ತದೆ. ಅದರಿಂದ ಒಂದು ಮುಖ್ಯ ವ್ಯತ್ಯಾಸವಾಗುತ್ತದೆ. ಆ ಗೆರೆಗಿಂತ ಮೇಲಿರುವ ಅಂತಸ್ತುಗಳ ಅಡ್ಡಗೆರೆಗಳು ನಿಮ್ಮಿಂದ ದೂರ ಸರಿಯುತ್ತಾ ಕೆಳಗಿಳಿಯುತ್ತವೆ. ಕೆಳಗಿರುವವು ದೂರ ಸರಿಯುತ್ತಾ ಮೇಲೇರುತ್ತವೆ. ಇಷ್ಟು ಸರಿ ಬಂದರೆ ಶಿಲ್ಪ ಒಂದೂ ಇಲ್ಲದಿದ್ದರೂ ನೋಡಿದವರಿಗೆ ತಾವೂ ಗುಡ್ಡದ ಮೇಲಿರುವಂತೆ ಅನ್ನಿಸುತ್ತದೆ.

ಎರಡನೆಯದು ಅಳತೆ. ತೋಳು ಮಡಚದೆ ಪೆನ್ಸಿಲನ್ನು ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಜಾರಿಸಿ ಗೋಪುರದ ಬುಡದ ಅಗಲವನ್ನು ಹಿಡಿಯಿರಿ. ಅದೇ ಅಳತೆ ಎತ್ತರದಲ್ಲಿ ಎಷ್ಟು ಸಲ ಹಿಡಿಸುತ್ತದೆ ಎಣಿಸಿ. ಗೋಪುರಕ್ಕೆ ಒಂಬತ್ತು ಅಂತಸ್ತು, ಎತ್ತರ ಸುಮಾರು 50 ಮೀಟರ್. ಕಲಿತವರೂ ಅದನ್ನು ಅಗಲವಾಗಿ, ಗಿಡ್ಡವಾಗಿ ಬರೆದುಬಿಡುತ್ತಾರೆ. ತೋಳು ಮಡಚಿದರೆ ಅಳತೆ ಕೆಡುತ್ತದೆ, ಪ್ರತಿ ಸಲವೂ ಪೂರ್ತಿ ಚಾಚಿ.

ಈಗ ನಡುವಿನ ಲಂಬರೇಖೆ, ತುದಿ, ಬುಡ, ಎರಡು ಓರೆ ಅಂಚುಗಳು. ಅಂತಸ್ತುಗಳನ್ನು ಮೇಲೇರಿದಂತೆ ಗಿಡ್ಡ ಮಾಡುತ್ತಾ ಹೋಗಿ. ಶಿಲ್ಪಗಳನ್ನು ಬರೆಯಲು ಹೋಗಬೇಡಿ. ಪ್ರತಿ ಅಂತಸ್ತಿನ ಚಾಚಿನ ಕೆಳಗೆ ಬೀಳುವ ನೆರಳಿನ ಅಡ್ಡಪಟ್ಟಿಯನ್ನು ಮಾತ್ರ ಬರೆಯಿರಿ. ಆ ಪಟ್ಟಿಯ ಅಂಚು ಅಲ್ಲಲ್ಲಿ ತುಸು ಒಡೆದಿದ್ದರೆ ಶಿಲ್ಪಗಳಿವೆಯೆಂದು ಕಣ್ಣೇ ಅರ್ಥ ಮಾಡಿಕೊಳ್ಳುತ್ತದೆ.

ಬಂಡೆಗಳ ವಿಷಯದಲ್ಲಿ ಹೊಸಬರು ಮಾಡುವ ತಪ್ಪು, ಒಂದೊಂದರ ಸುತ್ತಲೂ ಗೆರೆ ಎಳೆಯುವುದು. ಹಾಗೆ ಮಾಡಿದರೆ ಆಲೂಗಡ್ಡೆಯ ರಾಶಿಯಾಗುತ್ತದೆ. ಬಂಡೆಗೆ ಬಿಸಿಲಿನ ಮುಖ, ನೆರಳಿನ ಮುಖ, ನೆಲಕ್ಕೆ ಬಿದ್ದ ನೆರಳು ಎಂದು ಮೂರೇ ಭಾಗ. ಬಿಸಿಲಿನ ಕಡೆ ಗೆರೆಯನ್ನು ಬಿಟ್ಟುಬಿಡಿ, ಆಕಾಶವೇ ಅದರ ಅಂಚನ್ನು ಹಿಡಿಯುತ್ತದೆ. ಒಂದರ ಮೇಲೊಂದು ನಿಂತ ಕಲ್ಲುಗುಂಡುಗಳನ್ನು ಬರೆಯುವಾಗ ಕಲ್ಲಿಗಿಂತ ಮೊದಲು ಅವುಗಳ ನಡುವಿನ ಕಪ್ಪು ಸಂದುಗಳನ್ನು ಬರೆಯಿರಿ. ಸಂದು ಸರಿಯಾದರೆ ಕಲ್ಲಿನ ತೂಕ ತಾನಾಗಿ ಬರುತ್ತದೆ. ಅಳತೆಯಲ್ಲೂ ಒಂದು ಭಾರಿ, ಎರಡು ಮೂರು ನಡುವಿನವು, ಉಳಿದದ್ದು ಪುಡಿಗಲ್ಲು ಎಂದು ವಿಂಗಡಿಸಿ.

ಪೆನ್ನು ಹತ್ತಿರದ ವಸ್ತುಗಳಿಗೆ ಮಾತ್ರ. ದೂರದ ಗುಡ್ಡ, ಹೊಳೆಯಾಚೆಯ ಹಸಿರು ಪೆನ್ಸಿಲಿನಲ್ಲೇ ಇರಲಿ. ಅವುಗಳನ್ನು ಬಣ್ಣ ನೋಡಿಕೊಳ್ಳುತ್ತದೆ. ನೆರಳುಗಳ ಗಡಿಯನ್ನು ಈ ಹಂತದಲ್ಲೇ ಗುರುತಿಸಿ ಮುಗಿಸಿ. ಅರ್ಧ ಗಂಟೆಯ ನಂತರ ನೆರಳು ಸರಿದು ಇನ್ನೂ ಸುಂದರವಾಗಿ ಕಂಡರೂ ಹಾಳೆಯಲ್ಲಿ ಬದಲಾಯಿಸಬೇಡಿ. ಎರಡು ಹೊತ್ತಿನ ನೆರಳು ಒಂದೇ ಚಿತ್ರದಲ್ಲಿ ಸೇರಿದರೆ ಎಷ್ಟು ತಿದ್ದಿದರೂ ಸರಿಹೋಗುವುದಿಲ್ಲ. ಮೊದಲ ಐದು ನಿಮಿಷದಲ್ಲಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅದರ ಉಪಯೋಗ ನೆರಳಿನ ಸಾಕ್ಷಿಗೆ ಮಾತ್ರ.

ಬಣ್ಣ: ಅರ್ಧ ಗಂಟೆ

ಮೊದಲ ಲೇಪ ತೀರಾ ತೆಳುವಾದ ಯೆಲ್ಲೊ ಓಕರ್. ಅತ್ಯಂತ ಬೆಳಗುವ ಜಾಗಗಳನ್ನು ಬಿಟ್ಟು ಬಂಡೆ, ಗೋಪುರ, ನೆಲ ಎಲ್ಲದರ ಮೇಲೂ ಒಟ್ಟಿಗೇ ಹಾಯಿಸಿ. ಬೆಳಗಿನ ಬಿಸಿಲು ಎಲ್ಲವನ್ನೂ ಒಂದೇ ಬಣ್ಣದಲ್ಲಿ ಅದ್ದಿರುವುದರಿಂದ ಈ ಲೇಪ ಇಡೀ ಚಿತ್ರವನ್ನು ಹೊಂದಿಸುತ್ತದೆ. ಪೂರ್ತಿ ಒಣಗಲಿ. ಬೆರಳ ಹಿಂಭಾಗ ತಾಗಿಸಿದಾಗ ತಣ್ಣಗಿದ್ದರೆ ಇನ್ನೂ ಒದ್ದೆಯಿದೆ ಎಂದರ್ಥ.

ಎರಡನೆಯದು ನೆರಳು, ಅದೂ ಒಂದೇ ಬೀಸಿನಲ್ಲಿ. ದೊಡ್ಡ ಕುಂಚದ ತುಂಬ ಬಣ್ಣ ಎತ್ತಿಕೊಂಡು ಗೋಪುರದ ನೆರಳಿನಿಂದ ಶುರುಮಾಡಿ ಬಂಡೆಯ ನೆರಳಿನವರೆಗೆ ಎಲ್ಲೂ ನಿಲ್ಲದೆ ತನ್ನಿ. ನಮ್ಮ ಕಡೆಯ ಕಣಶಿಲೆಗೆ ಬೇಕಾದ ಬಣ್ಣ ಬರ್ನ್ಟ್ ಸಿಯೆನ್ನಾ ಮತ್ತು ಅಲ್ಟ್ರಾಮರೀನ್ ಬೆರೆತಾಗ ಸಿಗುತ್ತದೆ. ಸಿಯೆನ್ನಾ ಹೆಚ್ಚಾದರೆ ಬಿಸಿಲಿಗೆ ಕಾದ ಕಲ್ಲು, ನೀಲಿ ಹೆಚ್ಚಾದರೆ ನೆರಳಿನ ಕಲ್ಲು. ಡಬ್ಬಿಯಲ್ಲಿ ಪೂರ್ತಿ ಕಲಸದೆ ಹಾಳೆಯ ಮೇಲೇ ಎರಡೂ ಸೇರಲು ಬಿಟ್ಟರೆ ಅಲ್ಟ್ರಾಮರೀನಿನ ಕಣಗಳು ಹಾಳೆಯ ಕುಳಿಗಳಲ್ಲಿ ಕುಳಿತು ಬಂಡೆಯ ತರಿತರಿ ಮೈ ತಾನಾಗಿ ಮೂಡುತ್ತದೆ. ಮಳೆನೀರು ಹರಿದ ಕಡೆ ಬಂಡೆಯ ಮೇಲೆ ಕಪ್ಪು ಪಟ್ಟೆಗಳಿರುತ್ತವೆ. ಅವನ್ನು ಕೊನೆಯಲ್ಲಿ, ಅರೆ ಒಣಗಿದ ಕುಂಚದಿಂದ ಮೇಲಿನಿಂದ ಕೆಳಗೆ ಎಳೆಯಿರಿ.

ಹೊಳೆಯ ಬದಿಯ ಬಾಳೆತೋಟದ ಹಸಿರಿಗೆ ಲೆಮನ್ ಯೆಲ್ಲೊ, ಚಿಟಿಕೆಯಷ್ಟು ಪ್ರಶ್ಯನ್ ಬ್ಲೂ, ತುಸು ಸಿಯೆನ್ನಾ. ಸಿಯೆನ್ನಾ ಬೆರೆಸದಿದ್ದರೆ ಹಸಿರು ಕಿರಿಚುತ್ತದೆ. ಆಕಾಶಕ್ಕೆ ಹೆಚ್ಚಿನ ದಿನ ಏನೂ ಬೇಡ. ಬೇಸಿಗೆಯ ಹಂಪಿಯ ಆಕಾಶ ಹಾಳೆಯಷ್ಟೇ ಬಿಳಿ.

ಊರು ಬದಲಾದರೆ ಕಲ್ಲು ಬದಲಾಗುತ್ತದೆ, ಡಬ್ಬಿ ಅದೇ. ಬಾದಾಮಿಯ ಕೆಂಪು ಮರಳುಗಲ್ಲಿಗೆ ಸಿಯೆನ್ನಾ, ಕ್ರಿಮ್ಸನ್, ಓಕರ್. ಅಲ್ಲಿನ ಕೆರೆ ಅಗಸ್ತ್ಯ ತೀರ್ಥದಲ್ಲಿ ಅದರ ಪ್ರತಿಬಿಂಬ ಬರೆಯುವಾಗ ಅದೇ ಬಣ್ಣಕ್ಕೆ ಸ್ವಲ್ಪ ಹಸಿರು ಬೆರೆಸಿ ಒಂದು ಛಾಯೆ ಗಾಢ ಮಾಡಿ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಬಳಪದ ಕಲ್ಲಿಗೆ ನೀಲಿ ಮುಂದಾದ ಬೂದು. ಸೋಮನಾಥಪುರದ ನಕ್ಷತ್ರಾಕಾರದ ಗೋಡೆಯನ್ನು ಮೂಲೆ ಎಣಿಸುತ್ತಾ ಬರೆಯಲು ಹೋದರೆ ದಿನ ಸಾಲದು. ಒಂದು ಬೆಳಕಿನ ಮೂಲೆ, ಅದರ ಪಕ್ಕ ಒಂದು ಕತ್ತಲ ಸಂದು ಎಂದು ಪಟ್ಟಿಪಟ್ಟಿಯಾಗಿ ಬಣ್ಣದಲ್ಲೇ ಕಟ್ಟಿ. ಕರಾವಳಿಯ ಮುರಕಲ್ಲಿನ ಗೋಡೆ ಬೇಸಿಗೆಯಲ್ಲಿ ಕೆಂಪು, ಮಳೆಗಾಲದಲ್ಲಿ ಪಾಚಿ ಹಿಡಿದು ಕಪ್ಪು ಹಸಿರು.

ಹವೆಯೂ ಚಿತ್ರ ಬರೆಯುತ್ತದೆ. ಏಪ್ರಿಲ್‌ನ ಹೊಸಪೇಟೆಯಲ್ಲಿ ಒಂದು ನಿಮಿಷಕ್ಕೆ ಒಣಗುವ ಲೇಪ ಜುಲೈನ ಆಗುಂಬೆಯಲ್ಲಿ ಅರ್ಧ ಗಂಟೆಯಾದರೂ ಒಣಗುವುದಿಲ್ಲ. ಒಣ ಊರಿನಲ್ಲಿ ಮೊದಲು ಹಾಳೆಗೆ ಬರಿ ನೀರು ಹಚ್ಚಿ ಆಮೇಲೆ ಬಣ್ಣ ಹಾಕಿ. ಮಲೆನಾಡಿನ ಮಳೆಯಲ್ಲಿ ಒಂದೇ ಲೇಪ ಹಾಕಿ ಪುಸ್ತಕವನ್ನು ತೆರೆದಿಟ್ಟು, ಉಳಿದ ಹೊತ್ತಿನಲ್ಲಿ ಬೇರೊಂದು ಪುಸ್ತಕದಲ್ಲಿ ಪೆನ್ನಿನಲ್ಲಿ ಬರೆಯಿರಿ. ಬಣ್ಣದ ಡಬ್ಬಿಯನ್ನು ಒದ್ದೆಯಾಗಿಯೇ ಮುಚ್ಚಿದರೆ ಮಳೆಗಾಲದಲ್ಲಿ ಎರಡೇ ದಿನಕ್ಕೆ ಬೂಷ್ಟು ಬರಬಹುದು. ರಾತ್ರಿ ತೆರೆದಿಡಿ.

ಮಂಜು ಮುಸುಕಿದ ಬೆಟ್ಟಗಳನ್ನು ಬರೆಯಬೇಕೆನ್ನುವವರು ಕೆ. ವೆಂಕಟಪ್ಪನವರ (1886–1965) ಊಟಿ, ಕೊಡೈಕನಾಲ್‌ಗಳ ಜಲವರ್ಣಗಳನ್ನು ಒಮ್ಮೆ ಎದುರು ನಿಂತು ನೋಡಬೇಕು. ಹೂಬಿಟ್ಟ ಮರಗಳನ್ನು ಬರೆಯುವವರಿಗೆ ಬೆಂಗಳೂರಿನ ಬೀದಿ, ತೋಟಗಳನ್ನು ಬರೆದ ರುಮಾಲೆ ಚನ್ನಬಸವಯ್ಯನವರ (1910–1988) ಚಿತ್ರಗಳಿವೆ. ಕುಣಿಯುವ ಮೈಯನ್ನು ಎಷ್ಟು ಕಡಿಮೆ ಗೆರೆಯಲ್ಲಿ ಹಿಡಿಯಬಹುದೆಂದು ಕೆ.ಕೆ. ಹೆಬ್ಬಾರರ (1911–1996) ರೇಖೆಗಳಿಂದ ಕಲಿಯಬಹುದು. ನಮ್ಮದೇ ಬೆಳಕು, ನಮ್ಮದೇ ಮರಗಳನ್ನು ಬರೆದ ಇವರಿಂದ ಕಲಿತದ್ದು ಪರದೇಶದ ಪಾಠಗಳಿಗಿಂತ ನನಗೆ ಹೆಚ್ಚು ಕೈಹಿಡಿದಿದೆ.

ನಿಲ್ಲದ ವಸ್ತುಗಳು

ಹಂಪಿಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥವನ್ನು ಎಲ್ಲರೂ ಬರೆಯಬಯಸುತ್ತಾರೆ. 50 ರೂಪಾಯಿ ನೋಟಿನ ಮೇಲೂ ಅದು ಇದೆ. ಅದರ ಮುಂದೆ ಫೋಟೊಕ್ಕೆ ನಿಲ್ಲುವವರ ಸಾಲು ಮುಗಿಯುವುದಿಲ್ಲ. ಆದ್ದರಿಂದ ಮೇಲಿನಿಂದ ಶುರುಮಾಡಿ. ಮಾಡಿನ ಅಂಚು, ಕಂಬಗಳು ಜನರ ತಲೆಯ ಮೇಲೆ ಸದಾ ಕಾಣುತ್ತವೆ. ಚಕ್ರ ಮತ್ತು ಆನೆಗಳು ಒಂದು ಗುಂಪು ಹೋಗಿ ಇನ್ನೊಂದು ಬರುವ ಬಿಡುವಿನಲ್ಲಿ ಸಿಗುತ್ತವೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ಈ ರಥದ ಮೇಲೆ ಇಟ್ಟಿಗೆಯ ಶಿಖರವಿದೆ, ಇಂದು ಅದಿಲ್ಲ. ಇಂದು ಕಂಡದ್ದನ್ನು ಕಂಡಂತೆ ಬರೆಯುವುದರಲ್ಲಿ ನನಗೆ ಆಸಕ್ತಿ ಹೆಚ್ಚಿದ್ದು ಆ ಫೋಟೊ ನೋಡಿದ ಮೇಲೆ.

ಆನೆಗಳನ್ನು ಕಟ್ಟುತ್ತಿದ್ದ ಆನೆಸಾಲಿನಲ್ಲಿ ಹನ್ನೊಂದು ಕೋಣೆಗಳು. ಎಲ್ಲವನ್ನೂ ಬರೆಯಬೇಡಿ. ಹತ್ತಿರದ ಮೂರನ್ನು ಮನಸ್ಸಿಟ್ಟು ಬರೆದು ಉಳಿದವನ್ನು ಕಮಾನಿನ ಕತ್ತಲೆಯ ಕಲೆಗಳಾಗಿ ಬಿಡಿ.

ಹೊಳೆಯ ಹರಿಗೋಲು ವೃತ್ತಾಕಾರದ್ದು, ಆದರೆ ಹಾಳೆಯಲ್ಲಿ ವೃತ್ತ ಬರೆದರೆ ತಪ್ಪಾಗುತ್ತದೆ. ದಡದಲ್ಲಿ ಕುಳಿತವರ ಕಣ್ಣಿಗೆ ದೂರದ ಹರಿಗೋಲಿನ ಬಾಯಿ ತೀರಾ ಚಪ್ಪಟೆ, ಹತ್ತಿರ ಬಂದಂತೆ ತೆರೆದುಕೊಳ್ಳುತ್ತದೆ. ಹುಟ್ಟು ಹಾಕುವವರ ಮೈ ಎರಡು ಮೂರು ಭಂಗಿಗಳಲ್ಲಿ ಮತ್ತೆ ಮತ್ತೆ ಮರಳುತ್ತದೆ. ಒಂದೇ ಪುಟದಲ್ಲಿ ಮೂರೂ ಭಂಗಿಗಳನ್ನು ಶುರುಮಾಡಿ, ಯಾವುದು ಮರಳಿ ಬಂದಿತೋ ಅದಕ್ಕೆ ಒಂದೆರಡು ಗೆರೆ ಸೇರಿಸುತ್ತಾ ಹೋಗಿ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುವವರಿಗೂ ಇದೇ ಉಪಾಯ.

ರೈಲಿನಲ್ಲಿ ಕಿಟಕಿಯಾಚೆಯ ಯಾವ ಮರವನ್ನೂ ಪೂರ್ತಿ ಹಿಡಿಯಲಾಗದು. ಒಂದು ಮರದ ಬುಡ, ಅದರ ಮುಂದಿನದರ ಕೊಂಬೆ, ಇನ್ನೊಂದರ ನೆರಳು ಎಂದು ಕೂಡಿಸುತ್ತಾ ಆ ಸೀಮೆಯ ಮರ ಬರೆಯಿರಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಾಟಿಯಲ್ಲಿ 57 ಸುರಂಗಗಳಿವೆ. ಸುರಂಗದ ಕತ್ತಲಲ್ಲಿ ಈಗಷ್ಟೇ ಕಂಡ ಕಣಿವೆಯನ್ನು ಕಣ್ಣು ಮುಚ್ಚಿ ನೆನೆದು, ಬೆಳಕಿಗೆ ಬಂದ ಕೂಡಲೇ ಹೊರಗೆ ನೋಡದೆ ನಾಲ್ಕು ಗೆರೆ ಎಳೆಯಿರಿ. ನೆನಪಿನಿಂದ ಬರೆಯುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಬೋಗಿಯೊಳಗಿನ ಜನರನ್ನು ಬರೆಯುವಾಗ ಮುಖಕ್ಕಿಂತ ಕುಳಿತ ಭಂಗಿಯನ್ನು ಮೊದಲು ಹಿಡಿಯಿರಿ. ಮಲಗಿದವರನ್ನು, ಮಗುವಿಗೆ ಹಾಲೂಡುವವರನ್ನು ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಯಾರಾದರೂ ಗಮನಿಸಿದರೆ ಪುಸ್ತಕವನ್ನು ಅವರ ಕಡೆ ತಿರುಗಿಸಿ ತೋರಿಸಿ. ಬೇಡವೆಂದರೆ ಅಲ್ಲಿಗೆ ನಿಲ್ಲಿಸಿ.

ನೋಡಲು ಬಂದವರು

ಅವರು ಬಂದೇ ಬರುತ್ತಾರೆ, ಬರಲಿ. ಹೇಮಕೂಟದಲ್ಲಿ ಆ ಬೆಳಿಗ್ಗೆ ಹತ್ತು ವರ್ಷದ ಹುಡುಗನೊಬ್ಬ ಬಹಳ ಹೊತ್ತು ಪಕ್ಕದಲ್ಲಿ ನಿಂತಿದ್ದ. ಆಮೇಲೆ ಬಂಡೆಯ ಕಡೆ ಬೆರಳು ಮಾಡಿ, "ಅಕ್ಕಾ, ಅದು ಒಂದು ಬಂಡೆ ಅಲ್ಲ, ಎರಡು. ಮಧ್ಯದಲ್ಲಿ ನಾವು ಅಡಗಿಕೊಳ್ಳುತ್ತೇವೆ" ಎಂದ. ಎದ್ದು ಹೋಗಿ ನೋಡಿದೆ. ನಾನು ಬಿರುಕೆಂದು ತಿಳಿದು ತೆಳುವಾಗಿ ಎಳೆದಿದ್ದ ಗೆರೆ ಒಬ್ಬ ಹುಡುಗ ನುಸುಳುವಷ್ಟು ಅಗಲದ ಸಂದು. ಅದನ್ನು ಗಾಢ ಮಾಡಿದ ಮೇಲೆ ಆ ಬಂಡೆಗೆ ಭಾರ ಬಂತು. ಸ್ಥಳದವರ ಮಾತು ಕೇಳಿಸಿಕೊಳ್ಳಿ, ಅವರು ಆ ಕಲ್ಲನ್ನು ಮುಟ್ಟಿ ಬಲ್ಲವರು. ಮಕ್ಕಳು ಗುಂಪಾಗಿ ಮುತ್ತಿದರೆ ಒಂದು ಬಿಡಿ ಹಾಳೆ, ಒಂದು ಪೆನ್ಸಿಲ್ ಕೊಟ್ಟು ಅವರೂ ಅದನ್ನೇ ಬರೆಯಲಿ ಎನ್ನಿ. ಅದಕ್ಕೆಂದೇ ನಾನು ಚೀಲದಲ್ಲಿ ಹತ್ತು ಬಿಡಿ ಹಾಳೆ ಇಟ್ಟಿರುತ್ತೇನೆ.

ಕೋಣೆಗೆ ಮರಳಿದ ಮೇಲೆ

ಜಾಗ ಬಿಡುವ ಮೊದಲೇ ಪುಟದ ಅಂಚಿನಲ್ಲಿ ತಾರೀಖು, ಶುರುಮಾಡಿದ ಹೊತ್ತು, ಮುಗಿಸಿದ ಹೊತ್ತು, ಯಾವ ದಿಕ್ಕಿಗೆ ಮುಖ ಮಾಡಿ ಕುಳಿತಿದ್ದಿರಿ, ಕೇಳಿದ ಒಂದೆರಡು ಮಾತು ಬರೆದುಕೊಳ್ಳಿ. ಸಂಜೆ ಕೋಣೆಯಲ್ಲಿ ತಿದ್ದಲು ಹದಿನೈದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಅತಿ ಗಾಢವಾದ ಎರಡು ಮೂರು ಜಾಗಗಳನ್ನು ಗಟ್ಟಿ ಮಾಡಲು ಅಷ್ಟು ಸಾಕು. ಟ್ಯೂಬ್‌ಲೈಟಿನ ಕೆಳಗೆ ಹೊಸ ಬಣ್ಣ ಹಚ್ಚಿದರೆ ಬೆಳಿಗ್ಗೆ ಅದು ಬೇರೆಯಾಗಿ ಕಾಣುತ್ತದೆ. ಪುಟ ಒಣಗಿದೆಯೆಂದು ಅನ್ನಿಸಿದರೂ ಎದುರು ಪುಟದ ನಡುವೆ ಒಂದು ತೆಳು ಕಾಗದವಿಟ್ಟು ಮುಚ್ಚಿ. ಬಸ್ಸಿನ ಬಿಸಿಗೆ ಜಲವರ್ಣ ಪುಟಗಳು ಒಂದಕ್ಕೊಂದು ಅಂಟುವುದುಂಟು. ಕುಂಚಗಳನ್ನು ತೊಳೆದು, ಮೊನೆಯನ್ನು ತುಟಿಗಿಟ್ಟು ಚೂಪು ಮಾಡದೆ ಒದ್ದೆ ಬೆರಳಿನಿಂದ ತೀಡಿ ಅಡ್ಡಲಾಗಿ ಒಣಗಿಸಿ. ಎರಡೂ ಬಾಟಲಿಗಳಿಗೆ ಆಗಲೇ ನೀರು ತುಂಬಿಸಿ ಚೀಲದಲ್ಲಿಡಿ, ಬೆಳಿಗ್ಗೆ ಆರಕ್ಕೆ ಗುಡ್ಡ ಹತ್ತುವಾಗ ನಲ್ಲಿ ಹುಡುಕಬೇಕಾಗುವುದಿಲ್ಲ.